ರೆಪ್ಪೆಗೂದಲು

ಹಾರ್ಶಮ್ಮಿನ ಗೋಧಿ ಕಣಜದ ಗೇಟಿನಲ್ಲಿ ನನ್ನ ಕೆಲಸ.
ನವೆಂಬರ್ ಬಂತೆಂದರೆ ಲಾರಿಗಳ ಸಾಲು,
ಬಡಗಣ ಗಾಳಿ, ಮೂಗಿಗೆ ಮುತ್ತುವ ನೊಣ.
ಒಂದೊಂದು ಲಾರಿಯ ಹೊಟ್ಟೆಗೂ ಕೊಳವೆ ಚುಚ್ಚಿ
ಒಂದು ಬೊಗಸೆ ಕಾಳು ಮೇಲೆಳೆದು ನೋಡುತ್ತೇನೆ:
ತೇವ ಎಷ್ಟು, ಸಾರ ಎಷ್ಟು, ಹುಳ ಉಂಟೋ ಇಲ್ಲವೋ.
ಹನ್ನೆರಡೂವರೆ ದಾಟಿದರೆ ವಾಪಸ್ಸು.
ಕೆವಿನ್ ಬೈದರೂ ವಾಪಸ್ಸು.
ಅನ್ನ ಬೆಂದಿದೆಯೋ ಎಂದು ತಿಳಿಯಲು
ಒಂದಗುಳು ಸಾಕು ಅನ್ನುತ್ತಿದ್ದಳು ಅಮ್ಮ.
ಒಂಬತ್ತು ವರ್ಷದಿಂದ ಆ ಮಾತಿನ ಸಂಬಳವನ್ನೇ ಉಣ್ಣುತ್ತಿದ್ದೇನೆ.

ಮನೆಯಲ್ಲೂ ಹಾಗೇ.
ಸಂಜೆ ಬೂಟು ಬಿಚ್ಚುತ್ತ ಒಂದು ಕೊಳವೆ ಇಳಿಸುತ್ತಿದ್ದೆ:
"ಸ್ಕೂಲ್ ಹೇಗಿತ್ತು?"
"ಚೆನ್ನಾಗಿತ್ತು."
ಒಂದಗುಳು. ಬೆಂದಿದೆ. ಮುಂದಿನ ಲಾರಿ.

ಐದನೇ ಕ್ಲಾಸು ಇಂಚರ.
ಹಲ್ಲು ಸರಿ, ಲಸಿಕೆಯೆಲ್ಲ ಸರಿ, ಎತ್ತರ
ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆಯಾಗಿ
ವರ್ಷಕ್ಕೆರಡು ಸಲ ಏರುತ್ತಿತ್ತು.
ಟೀಚರ್ ಭೇಟಿಗೆ ಕೊಟ್ಟ ಎಂಟು ನಿಮಿಷದಲ್ಲಿ
ಏಳು ನಿಮಿಷ ನಾನು ಭಿನ್ನರಾಶಿಯ ಬಗ್ಗೆ ಕೇಳಿದೆ.
ಮಿಸ್ ಡೆಲಾನಿ ಉಳಿದ ಒಂದರಲ್ಲಿ
"ತುಂಬ ಸುಮ್ಮನಿರುತ್ತಾಳೆ" ಅಂದರು.
ಹೊಗಳಿಕೆ ಅಂದುಕೊಂಡು ಥ್ಯಾಂಕ್ಸ್ ಹೇಳಿ ಬಂದೆ.

ಎಡಗಣ್ಣಿನ ರೆಪ್ಪೆ ಬೋಳಾದದ್ದು ಮೊದಲು ಕಂಡದ್ದು ಸುವರ್ಣಳಿಗೆ.
ಅಲರ್ಜಿ ಅಂದೆ ನಾನು. ಹುಲ್ಲಿನ ಪರಾಗ, ಧೂಳು.
ಅವಳು ಹರಳೆಣ್ಣೆ ಹಚ್ಚಿದಳು. ಅವಳಕ್ಕ ಹಾಸನದಿಂದ
ಫೋನಿನಲ್ಲೇ ದೃಷ್ಟಿ ತೆಗೆಸಿದಳು. ಉಪ್ಪು ಮೆಣಸಿನಕಾಯಿ
ಚಟಪಟ ಅಂದು, ಹೊಗೆ ಅಲಾರಂ ಕೂಗಿ
ಮೂವರೂ ನಕ್ಕೆವು. ಹೌದು, ಇಂಚರಳೂ.
ಆ ನಗುವನ್ನೂ ನಾನು ಸ್ಯಾಂಪಲ್ ಡಬ್ಬಿಗೆ ಹಾಕಿಕೊಂಡೆ.

ಆಮೇಲೊಂದು ಭಾನುವಾರ ಅವಳ ಗಣಿತದ ಪುಸ್ತಕ
ನನ್ನ ಕೈಜಾರಿ ಬಿತ್ತು. ಹಾಳೆಗಳ ಸಂದಿಯಿಂದ
ಉದುರಿದವು, ಇರುವೆಯ ಕಾಲಿನಂಥವು,
ಒಂದಲ್ಲ ಎರಡಲ್ಲ.
ಮೊಣಕಾಲೂರಿ ಆರಿಸತೊಡಗಿದೆ.
ಮೂವತ್ತೊಂದಕ್ಕೆ ಕೈ ನಡುಗಿ ಬಿಟ್ಟೆ.

"ಮುಷ್ಟಿ ಮೇಲಿಟ್ಟು ಊದಿ ಬೇಡಿಕೊಂಡರೆ
ಆಗತ್ತೆ ಅಂತ ನೀನೇ ಹೇಳಿದ್ದೆ."
ಹೇಳಿದ್ದೆ. ಅವಳಿಗಾಗ ನಾಲ್ಕು ವರ್ಷ;
ಕೆನ್ನೆ ಮೇಲೆ ಬಿದ್ದದ್ದೊಂದನ್ನು ನಾನೇ ತೆಗೆದುಕೊಟ್ಟಿದ್ದೆ.
"ಆಮೇಲೆ ತಾವಾಗಿ ಉದುರಲೇ ಇಲ್ಲ ಅಪ್ಪಾ.
ಅದಕ್ಕೇ.
ಇವೆಲ್ಲ ಸೋಮವಾರಕ್ಕೆ ಕೂಡಿಟ್ಟದ್ದು."

ಏನು ಬೇಡಿಕೊಳ್ಳುತ್ತೀ ಮಗಳೇ?
"ಹೇಳಿದರೆ ಆಗಲ್ಲ."

ಕಣ್ಣಿಗೆ ರೆಪ್ಪೆಯ ಹಾಗೆ ಕಾಯ್ದೆವು ಅನ್ನುತ್ತೇವಲ್ಲ,
ನಾಲಗೆಯ ಮೇಲೆ ಸಲೀಸಾಗಿ ಹೊರಳುವ ಮಾತು.
ಆ ರಾತ್ರಿ ಸುವರ್ಣಳಿಗೆ ಅದನ್ನೇ ಹೇಳಹೊರಟು
ಅರ್ಧಕ್ಕೆ ನುಂಗಿದೆ.

ಡಾಕ್ಟರು ಒಂದು ಉದ್ದ ಹೆಸರು ಬರೆದುಕೊಟ್ಟರು.
ಬ್ಯಾಲರಟ್ಟಿನಿಂದ ಹದಿನೈದು ದಿನಕ್ಕೊಮ್ಮೆ ಬರುವ
ಮನಸ್ಸಿನ ಡಾಕ್ಟರಿಗೆ ಆರು ವಾರದ ಸಾಲಂತೆ.
ಅಲ್ಲಿಯವರೆಗೆ ನಾವೇನು ಮಾಡೋಣ?
"ಬೈಯಬೇಡಿ. ಎಣಿಸಬೇಡಿ.
ಕೈಗೆ ಏನಾದರೂ ಕೆಲಸ ಕೊಡಿ. ಪಕ್ಕದಲ್ಲಿರಿ."
ಎಣಿಸಬೇಡಿ! ನನಗೆ!

ಬಿಸಾಡುವ ಸ್ಯಾಂಪಲ್ ಗೋಧಿಯನ್ನು
ಬಿಸ್ಕತ್ತಿನ ಡಬ್ಬಿ ತುಂಬ ತಂದಿಟ್ಟೆ.
ಅವಳು ಮಣಿಕಟ್ಟಿನವರೆಗೆ ಕೈ ಹೂತು ಕೂರುತ್ತಾಳೆ.
ಪಕ್ಕದಲ್ಲಿ ನಾನು. ಟೀವಿ ಇಲ್ಲ, ಫೋನಿಲ್ಲ.
ಮೊದಲ ವಾರ ನನಗೇ ಉಸಿರು ಕಟ್ಟಿತು.
ಯಾವತ್ತಾದರೂ ಇಷ್ಟು ಹೊತ್ತು
ಇವಳ ಪಕ್ಕ ಸುಮ್ಮನೆ ಕೂತಿದ್ದೆನೇ?

ನಿನ್ನೆ ಇದ್ದಕ್ಕಿದ್ದಂತೆ,
"ಬಸ್ಸಿನ ಹಿಂದಿನ ಸೀಟಿನಲ್ಲಿ ಅವರು..."
ಅಷ್ಟಕ್ಕೇ ನಿಲ್ಲಿಸಿದಳು.

ಆಮೇಲೆ? ಅನ್ನುವುದು ನಾಲಗೆ ತುದಿಗೆ ಬಂತು.
ಕಚ್ಚಿಕೊಂಡೆ.
ಹೊರಗೆ ಹೆದ್ದಾರಿಯಲ್ಲಿ ಯಾವುದೋ ಲಾರಿ ಗೇರು ಬದಲಿಸಿತು.
ಕಾಳು ಬೆರಳ ಸಂದಿಯಿಂದ ಸುರಿವ ಸದ್ದು.
ಓರೆಗಣ್ಣಲ್ಲಿ ನೋಡಿದೆ:
ಅವಳ ಇನ್ನೊಂದು ಕೈಯೂ
ಡಬ್ಬಿಯೊಳಗಿತ್ತು.